ಗಂಗೂಬಾಯಿಯವರ ಕಂಠ



ಧಾರವಾಡದಲ್ಲಿ 1913ರಲ್ಲಿ ಜನಿಸಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಸಂಗೀತವನ್ನು ಸಾಧಿಸಿದ ಗಂಗೂಬಾಯಿ ಹಾನಗಲ್ಲರ ಆರಂಭಕಾಲದ ಧ್ವನಿಮುದ್ರಿಕೆಗಳನ್ನೂ ಅನಂತರದವುಗಳನ್ನೂ ಒಂದಾದ ಮೇಲೊಂದರಂತೆ ಆಲಿಸಿದವರಿಗೆ, ಮೊದಲಿನ ಆ ತೆಳುವಾದ ಏರುದನಿಯೂ, ಪುರುಷಕಂಠವೆಂದೇ ಭ್ರಮೆ ಹುಟ್ಟಿಸುವ ಈ ಗಂಭೀರನಾದವೂ ಒಬ್ಬರದೇ ಎಂದು ನಂಬುವುದು ಕಷ್ಟವಾದೀತು. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ಬಳಿಕ ಅವರ ದನಿ ಹೀಗೆ ತಗ್ಗಿತೆಂಬುದು ಸಂಗೀತಪ್ರಿಯರೆಲ್ಲರೂ ಬಲ್ಲ ಸಂಗತಿ.

ಆದರೆ ಟಾನ್ಸಿಲುಗಳಿರುವುದು ಬಾಯಿಯ ಹಿಂಭಾಗದಲ್ಲಿ, ನಾಲಗೆಯ ಬುಡದ ಇಕ್ಕೆಲಗಳಲ್ಲಿ. ನಾದ ಜನಿಸುವುದಾದರೋ ಅದಕ್ಕೂ ಕೆಳಗೆ. ಕೊರಳಿನ ಮುಂದಣ ಉಬ್ಬಿನ ಮೇಲೆ ಬೆರಳಿಟ್ಟು ತಾವೊಮ್ಮೆ 'ಮ್' ಎಂದು ಗುನುಗಿದರೆ ಅದರ ಕಂಪನ ಕೈಗೆ ತಿಳಿಯುತ್ತದೆ. ಉಗುಳು ನುಂಗಿದರೆ ಆ ಉಬ್ಬು ಮೇಲೇರಿ ಇಳಿಯುತ್ತದೆ. ಗುರಾಣಿಯಾಕಾರದ ಆ ಮೃದ್ವಸ್ಥಿಯ ಒಳಗೆ, ಮುಂದಿನಿಂದ ಹಿಂದಕ್ಕೆ ಚಾಚಿಕೊಂಡಿರುವ ಎರಡು ಮಡಿಕೆಗಳೇ ಧ್ವನಿತಂತುಗಳು. ಬೆಳೆದ ಗಂಡಸಿನಲ್ಲಿಯೂ ಅವು ಸುಮಾರು ಎರಡು ಸೆಂಟಿಮೀಟರಿನಷ್ಟೇ ಉದ್ದ. ಉಸಿರಾಡುವಾಗ ತೆರೆದಿರುವ ಇವು, ನುಡಿಯಲು ಮನಸ್ಸು ಮಾಡಿದೊಡನೆ ಒಂದನ್ನೊಂದು ಸೇರುತ್ತವೆ. ಶ್ವಾಸಕೋಶದಿಂದ ಬಂದ ಗಾಳಿ ಅವನ್ನು ಬೇರ್ಪಡಿಸುತ್ತದೆ, ಅವುಗಳ ಸ್ಥಿತಿಸ್ಥಾಪಕತೆಯೂ ಹರಿವ ಗಾಳಿಯ ಒತ್ತಡದ ಇಳಿತವೂ ಮತ್ತೆ ಕೂಡಿಸುತ್ತವೆ. ಸಾಮಾನ್ಯ ಮಾತಿನಲ್ಲಿ ಗಂಡಸರಿಗೆ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಿಗೆ ಸುಮಾರು 200 ಸಲ ಈ ಕ್ರಿಯೆ ನಡೆಯುತ್ತದೆ. ತಂತು ನೀಳವಾಗಿ ಬಿಗಿದರೆ ದನಿ ಏರುತ್ತದೆ. ದಪ್ಪನಾಗಿ ಸಡಿಲಿದರೆ ಇಳಿಯುತ್ತದೆ. ರಸ್ತೆಯ ವಾಹನಗಳ ಗದ್ದಲವನ್ನು ಮೀರಿಸಿ ದಿನವಿಡೀ ಕೂಗಿ ಮಾತನಾಡುವವರ ದನಿ ಸಂಜೆಗೆ ಗೊಗ್ಗರಾಗುವುದು, ಈ ತಂತುಗಳು ಬಡಿದಾಡಿ ಬಾತುಕೊಂಡು ಭಾರವಾಗುವುದರಿಂದಲೇ. ಆಗ ಬೇಕಾದುದು ಮೌನ, ಪಿಸುಮಾತೂ ಅಲ್ಲ.

ತಂತುಗಳಿಂದ ಹೊರಟ ನಾದಕ್ಕೆ ಬಣ್ಣ ಬರುವುದು ಗಂಟಲು, ಬಾಯಿ, ಮೂಗುಗಳ ಪೊಳ್ಳಿನಲ್ಲಿ. ಟಾನ್ಸಿಲ್ ತೆಗೆದಾಗ ಆ ಪೊಳ್ಳಿನ ಆಕಾರ ವ್ಯತ್ಯಾಸಗೊಂಡು ಬಣ್ಣ ಬದಲಾಗಬಹುದು. ಸ್ಥಾಯಿಯೇ ತಗ್ಗಬೇಕಾದರೆ ತಂತುಗಳ ಬಿಗಿತದಲ್ಲೋ ದಪ್ಪದಲ್ಲೋ ಮಾರ್ಪಾಡು ಆಗಿರಲೇಬೇಕು. ಗಾಯಕಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಆಘಾತ ಯಾವುದಿದ್ದೀತು? ಆದರೂ ಕಳೆದುಹೋದ ಏರುಸ್ವರಗಳ ಬೆನ್ನು ಹತ್ತದೆ, ಉಳಿದ ಕಂಠವನ್ನೇ ಗಂಗೂಬಾಯಿಯವರು ಮತ್ತೆ ಪಳಗಿಸಿದರು. ಒಂದೊಂದೇ ಸ್ವರವನ್ನು ಸಾವಧಾನವಾಗಿ ಬೆಳೆಸುತ್ತ ಹೋಗುವ ಅವರ ಗುರುಪರಂಪರೆಯಾದ ಕಿರಾನಾ ಘರಾಣೆಯ ವಿಳಂಬಿತ ಗಾಯನಕ್ಕೆ ಆ ಭಾರವಾದ ದನಿಯೇ ಒದಗಿಬಂದಿತು. ಆ ದನಿಯಲ್ಲಿಯೇ ಅವರು 2006ರ ತಮ್ಮ ಕೊನೆಯ ಕಛೇರಿಯವರೆಗೆ ಹಾಡಿದರು.