ಲಕ್ಷ ಕೋಟಿ ಅಂದ್ರೆ ಎಷ್ಟು?

ವೀಕ್ಷಕರೇ, 2025-26ರ ರಾಜ್ಯ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಬಜೆಟ್ ದಿನ ಅದನ್ನು 4.19 ಅಂತ ಓದಿದ್ದರೂ ನಿಮ್ಮಲ್ಲಿ ಎಷ್ಟು ಜನ ಬೆಚ್ಚಿಬೀಳ್ತಿದ್ರಿ? ಕಿವಿಗೆ ಅದು ಬರೀ ಪಾಯಿಂಟ್ ವ್ಯತ್ಯಾಸ. ಅಸಲಿಗೆ ಅದು ಹತ್ತು ಸಾವಿರ ಕೋಟಿ!

ಅದಕ್ಕೇ ಇವತ್ತು ಈ ಎರಡು ಪದಗಳ ಬೆನ್ನು ಹತ್ತೋಣ.

ಲಕ್ಷ, ಕೋಟಿ ಎರಡೂ ಸಂಸ್ಕೃತದಿಂದ ಬಂದವು. ಲಕ್ಷ ಅಂದರೆ ಗುರುತು, ಗುರಿ ಅಂತಲೂ ಅರ್ಥ. ಲಕ್ಷಣ, ಲಕ್ಷ್ಯ ಎಲ್ಲ ಅದೇ ಮನೆಯವು. ಧಾರವಾಡದ ಕಡೆ 'ಸ್ವಲ್ಪ ಲಕ್ಷ್ಯ ಕೊಡ್ರಿ' ಅಂತಾರಲ್ಲ, ಅದೇ. ಕೋಟಿ ಅಂದರೆ ಬಿಲ್ಲಿನ ತುದಿ, ಅಂಚು, ತುತ್ತತುದಿ. 'ಉಚ್ಚ ಕೋಟಿಯ ಕಲಾವಿದ' ಅನ್ನುವಾಗ ನಾವು ಅವರ ಸಂಭಾವನೆ ಬಗ್ಗೆ ಮಾತಾಡ್ತಿಲ್ಲ.

ಎಣಿಕೆ ಮಾತ್ರ ಕೋಟಿಗೇ ನಿಂತಿರಲಿಲ್ಲ. ಒಂಬತ್ತನೇ ಶತಮಾನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಎಂಟನೆಯದು ಕೋಟಿ. ಆಮೇಲೆ ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಹದಿಮೂರನೆಯದು ಖರ್ವ. ಒಂದರ ಮುಂದೆ ಹನ್ನೆರಡು ಸೊನ್ನೆ. ಲೆಕ್ಕ ಹಾಕಿ ನೋಡಿ, ನಮ್ಮ ಲಕ್ಷ ಕೋಟಿಯೂ ಅಷ್ಟೇ! ಅಂದ್ರೆ ನಾವು ಎರಡು ಪದ ಅಂಟಿಸಿ ಹೇಳುವುದಕ್ಕೆ ಅವರ ಹತ್ತಿರ ಒಂದೇ ಪದ ಇತ್ತು. ಆದರೆ ಭಾಸ್ಕರಾಚಾರ್ಯರ 'ಲೀಲಾವತಿ'ಗೆ ಬಂದರೆ ಅದೇ ಖರ್ವಕ್ಕೆ ಹತ್ತೇ ಸೊನ್ನೆ. ಪುಸ್ತಕದಿಂದ ಪುಸ್ತಕಕ್ಕೆ ಬೆಲೆ ಬದಲಾಗುವ ಹೆಸರನ್ನು ನಂಬಿ ಯಾರು ವ್ಯಾಪಾರ ಮಾಡ್ತಾರೆ ಹೇಳಿ? ಹಿಂದಿಯವರು ಇವತ್ತಿಗೂ ನೂರು ಕೋಟಿಗೆ 'ಅರಬ್' ಅಂತಾರೆ. ನಮ್ಮ ಬಾಯಲ್ಲಿ ಉಳಿದದ್ದು ಲಕ್ಷ, ಕೋಟಿ ಮಾತ್ರ.

ತೊಂದರೆ ಇರೋದು ಇಲ್ಲೇ. 'ಲಕ್ಷ ಕೋಟಿ' ಒಂದು ಗುಣಾಕಾರ. ನಮ್ಮ ಕಿವಿ ಗುಣಿಸೋದಿಲ್ಲ, ಮೊದಲ ಅಂಕಿಯನ್ನಷ್ಟೇ ಹಿಡ್ಕೊಳ್ಳುತ್ತೆ. (ಇಂಜಿನಿಯರಿಂಗ್ ಓದುವಾಗ ಹತ್ತರ ಘಾತ ಅಂತ ಮೇಲೊಂದು ಪುಟ್ಟ ಅಂಕಿ ಬರೆದು ನಾವೂ ಪಾರಾಗ್ತಿದ್ವಿ, ಬಿಡಿ.) ಸೆಕೆಂಡಿಗೊಂದು ರೂಪಾಯಿ, ನಿದ್ದೆ ಊಟ ಬಿಟ್ಟು ಎಣಿಸಿ. ಲಕ್ಷ ಮುಗಿಯೋಕೆ ಸುಮಾರು 28 ಗಂಟೆ. ಕೋಟಿಗೆ 116 ದಿನ. ಲಕ್ಷ ಕೋಟಿಗೆ? 31 ಸಾವಿರ ವರ್ಷಕ್ಕೂ ಹೆಚ್ಚು!

ಹಾಗಾಗಿ ಇಂಥ ಸಂಖ್ಯೆ ಕೇಳಿದಾಗ ಭಾಗಿಸಿ. 2011ರ ಜನಗಣತಿ ಪ್ರಕಾರ ನಾವು 6.11 ಕೋಟಿ ಜನ. ಬಜೆಟ್ ಹಂಚಿದರೆ ತಲೆಗೆ ಸುಮಾರು 67 ಸಾವಿರ. ಈಗ ಅದು ಮನೆ ಲೆಕ್ಕ ಆಯ್ತು, ಅಲ್ವಾ? ಅದೇ ಬಜೆಟ್‌ನಲ್ಲಿ ತರ್ತೀವಿ ಅಂತ ಹೇಳಿದ ಸಾಲ 1.16 ಲಕ್ಷ ಕೋಟಿ. ತಲೆಗೆ ಹತ್ತಿರ ಹತ್ತಿರ 19 ಸಾವಿರ. ಮನೆಯಲ್ಲಿ ಐದು ಜನ ಇದ್ದರೆ ಒಂದೇ ವರ್ಷಕ್ಕೆ 95 ಸಾವಿರ, ತೊಟ್ಟಿಲಲ್ಲಿರೋ ಮಗುವಿನ ಪಾಲೂ ಸೇರಿ. ಯಾವ ಬ್ಯಾಂಕೂ ನಿಮ್ಮ ಸಹಿ ಕೇಳಿಲ್ಲ.

ಆ ದುಡ್ಡು ಯಾವ ಕೆಲಸಕ್ಕೆ ಹೋಗುತ್ತೆ? ಬ್ರೇಕ್ ನಂತರ ನೋಡೋಣ.