ಕುಲ ಕೇಳದ ಕೂಟ



ನಾವೆಲ್ಲ ಅಣ್ಣತಮ್ಮಂದಿರು ಎಂದು ಆಣೆ ಮಾಡಿ ಕೂಡುವ ಮಂಡಳಿಗಳು ಲೋಕದಲ್ಲಿ ಬಹಳ. ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದೇ ಅವುಗಳ ನಿಜವಾದ ಚರಿತ್ರೆ.

ಇಂಥದೇ ಆಣೆಯ ಮಂಡಳಿಯಾದ ಫ್ರೀಮೇಸನ್ನರ ಲಾಡ್ಜುಗಳನ್ನೇ, ಎಂದರೆ ಅವರ ಸ್ಥಳೀಯ ಕೂಟಗಳನ್ನೇ ನೋಡಿ. ಅಲ್ಲಿ ಮೇಲು-ಕೀಳಿಲ್ಲ ಎಂಬುದು ಮಾತು. ಆದರೂ ಅಮೆರಿಕದ ಬಾಸ್ಟನ್ನಿನಲ್ಲಿ ಬಿಳಿಯರ ಬಾಗಿಲು ತೆರೆಯದ್ದರಿಂದ ಕಪ್ಪು ಜನಾಂಗದ ಪ್ರಿನ್ಸ್ ಹಾಲ್ ಮತ್ತು ಸಂಗಡಿಗರು 1784ರಲ್ಲಿ ಲಂಡನ್ನಿನಿಂದ ಸನ್ನದು ಪಡೆದು ತಮ್ಮದೇ ಲಾಡ್ಜು ಕಟ್ಟಬೇಕಾಯಿತು. ಮುಂಬಯಿಯಲ್ಲೂ ಅದೇ ಕಥೆ. ಪಾರ್ಸಿ ಗೃಹಸ್ಥ ಮಾಣೆಕ್‌ಜಿ ಕರ್ಸೆಟ್‌ಜಿ ಪ್ಯಾರಿಸ್ಸಿನಲ್ಲಿ ದೀಕ್ಷೆ ಪಡೆದು ಬಂದರೂ ಯುರೋಪಿಯನ್ನರ ಲಾಡ್ಜು ಅವರನ್ನು ಸೇರಿಸಿಕೊಳ್ಳಲಿಲ್ಲ. ಆಗ ಜೇಮ್ಸ್ ಬರ್ನ್ಸ್ ಎಂಬ ವೈದ್ಯರು 1843ರಲ್ಲಿ ಭಾರತೀಯರಿಗೂ ಜಾಗವಿರುವ ಲಾಡ್ಜೊಂದನ್ನು ಸ್ಥಾಪಿಸಿದರು. ಮುಂದೆ 1884ರಲ್ಲಿ ಕಲ್ಕತ್ತೆಯ ಲಾಡ್ಜಿಗೆ ಸೇರಿದ ತರುಣ ನರೇಂದ್ರನಾಥ ದತ್ತರೇ ಸ್ವಾಮಿ ವಿವೇಕಾನಂದರಾದರು. ಲಾಡ್ಜುಗಳನ್ನೆಲ್ಲ ನಡೆಸುವ, ಭಾರತದ್ದೇ ಆದ ಗ್ರ್ಯಾಂಡ್ ಲಾಡ್ಜು ಬಂದದ್ದು 1961ರಲ್ಲಿ.

ನಮ್ಮ ಸೀಮೆಗೆ ಇಂಥ ಕೂಟ ಹೊಸದಲ್ಲ. ರಬಕವಿ-ಬನಹಟ್ಟಿಯ ನೆರೆಯ ತೇರದಾಳದಲ್ಲಿ ಗೊಂಕನೆಂಬ ಮಾಂಡಲಿಕ ಕಟ್ಟಿಸಿದ ನೇಮಿನಾಥ ಬಸದಿಯ 12ನೇ ಶತಮಾನದ ಶಾಸನದಲ್ಲಿ ಅಯ್ಯಾವೊಳೆ ಐನೂರ್ವರ ಉಲ್ಲೇಖವಿದೆ. ಐಹೊಳೆಯ ಹೆಸರು ಹೊತ್ತ ಆ ವರ್ತಕರ ಸಂಘದಲ್ಲಿ ಜೈನರೂ ಶೈವರೂ ವೈಷ್ಣವರೂ ಇದ್ದರು. ದೂರದ ಸುಮಾತ್ರಾ ದ್ವೀಪದ ಬಾರುಸಿನಲ್ಲಿ ದೊರೆತ 1088ರ ತಮಿಳು ಶಾಸನವೂ ಈ ಐನೂರ್ವರದೇ. ನಾನಾ ದೇಶ, ನಾನಾ ಭಾಷೆಯ ಜನರನ್ನು ವ್ಯಾಪಾರದ ನಂಬಿಕೆ ಒಂದುಗೂಡಿಸಿತ್ತು.

ಆದರೆ ವ್ಯಾಪಾರದ ಸಂಘಕ್ಕೆ ಬಂಡವಾಳ ಬೇಕು, ಲಾಡ್ಜಿಗೆ ಅಂತಸ್ತು ಬೇಕು. ಎರಡೂ ಇಲ್ಲದವರ ಕೂಟ ನಮ್ಮ ಶ್ರೀಕೃಷ್ಣ ಪಾರಿಜಾತದ ಮೇಳ. 19ನೇ ಶತಮಾನದಲ್ಲಿ ಕುಲಗೋಡ ತಮ್ಮಣ್ಣನವರ ಕೈಯಲ್ಲಿ ಹದಗೊಂಡ ಈ ಸಣ್ಣಾಟ ಮುಧೋಳ, ಜಮಖಂಡಿ, ಬೀಳಗಿಯ ಹಳ್ಳಿಗಳ ಜಾತ್ರೆಯಲ್ಲಿ ಬೆಳತನಕ ನಡೆಯುತ್ತಿತ್ತು. ಹಗಲು ಹೊಲದಲ್ಲಿ, ಮಗ್ಗದಲ್ಲಿ ದುಡಿದವರು ರಾತ್ರಿ ಕೃಷ್ಣನಾಗಿ, ಸತ್ಯಭಾಮೆಯಾಗಿ ನಿಂತರು. ಮುಸ್ಲಿಂ ಕಲಾವಿದರೂ ಇದರಲ್ಲಿ ಹೆಸರು ಮಾಡಿದರು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ರಂಗವೇರಿ, ಮೇಳವನ್ನೇ ಕಟ್ಟಿ ನಡೆಸಿದರು. ಆಟದೊಳಗಿನ ಕಥೆಯನ್ನೂ ಗಮನಿಸಿ: ಮುನಿದ ರಾಣಿಯನ್ನು ಒಲಿಸಲು ಸಾಕ್ಷಾತ್ ದೇವರೇ ಬುಟ್ಟಿ ಹೊತ್ತ ಕೊರವಂಜಿಯಾಗಿ ಅರಮನೆಯ ಬಾಗಿಲಿಗೆ ಬರುತ್ತಾನೆ. ಸತ್ಯಭಾಮೆ ಆ ಅಲೆಮಾರಿ ಹೆಣ್ಣಿನ ಮುಂದೆ ಕೈಚಾಚಿ ಕಣಿ ಕೇಳುತ್ತಾಳೆ. ಇದನ್ನು ನೋಡುತ್ತ ಊರಿಗೆ ಊರೇ ಒಂದೇ ಬಯಲಲ್ಲಿ ಕುಳಿತಿತ್ತು.

ಆಟ ಮುಗಿದ ಮೇಲೆ ಊರಿನ ಕೇರಿಗಳು ಮತ್ತೆ ಬೇರೆಯಾದವು, ನಿಜ. ಕಲೆಯೊಂದರಿಂದಲೇ ಜಾತಿ ಅಳಿಯಲಿಲ್ಲ. ಆದರೆ ಕೂಡಿ ಹಾಡಬಲ್ಲವರು ಕೂಡಿ ಬಾಳಬಲ್ಲರು ಎಂಬುದನ್ನು ಈ ಮೇಳಗಳು ತೋರಿಸಿಕೊಟ್ಟವು.

ನಿಮ್ಮೂರಿನಲ್ಲೂ ಭಜನಾ ಮಂಡಳಿ, ಯುವಕ ಸಂಘ, ನೇಕಾರರ ಸಂಘ ಇರಬಹುದು. ಅಲ್ಲಿ ಇನ್ನೂ ಕಾಲಿಡದ ಕೇರಿ ಯಾವುದು, ಕರೆಯದೇ ಉಳಿದ ಹೆಣ್ಣುಮಕ್ಕಳು ಯಾರು ಎಂದು ವಿಚಾರಿಸಿ. ವಿಚಾರಿಸಿ ಸುಮ್ಮನಾಗಬೇಡಿ, ಅವರ ಮನೆಗೇ ಹೋಗಿ ಕರೆದುಕೊಂಡು ಬನ್ನಿ.