ನಕ್ಷತ್ರಗಳ ಬಾಲ್ಯ ಮತ್ತು ಪ್ರಾಯ



ಮನುಷ್ಯನ ಆಯುಸ್ಸು ನೂರು ವರ್ಷವನ್ನು ಮೀರುವುದು ಅಪರೂಪ. ಸೂರ್ಯನಂಥ ನಕ್ಷತ್ರವು ಹುಟ್ಟಿ ನೆಲೆಗೊಳ್ಳುವುದಕ್ಕೇ ಕೋಟಿಗಟ್ಟಲೆ ವರ್ಷಗಳು ಹಿಡಿಯುತ್ತವೆ. ಹೀಗಿರಲು ಅದರ ಬೆಳವಣಿಗೆಯನ್ನು ನಾವು ಅರಿಯುವುದೆಂತು? ತುಂಬಿದ ಮನೆಗೆ ಒಂದೇ ದಿನ ಬಂದ ಅತಿಥಿಯು ತೊಟ್ಟಿಲ ಕೂಸನ್ನೂ ಹುಡುಗನನ್ನೂ ಯಜಮಾನನನ್ನೂ ಒಟ್ಟಿಗೆ ಕಂಡು, ಮನುಷ್ಯನು ಬೆಳೆಯುವ ಕ್ರಮವನ್ನು ಊಹಿಸಬಲ್ಲನಷ್ಟೆ? ಆಕಾಶವೂ ಅಂಥದೊಂದು ಮನೆ.

ಧನುರ್ಮಾಸದಲ್ಲಿ ರಾತ್ರಿ 9 ಗಂಟೆಯ ಮೇಲೆ ಪೂರ್ವದಿಂದ ನಡುನೆತ್ತಿಯವರೆಗೆ ದೃಷ್ಟಿ ಹಾಯಿಸೋಣ. ಮಹಾವ್ಯಾಧನ ಕತ್ತಿಯಲ್ಲಿ ಮಸುಕಾಗಿ ತೋರುವ ನೀಹಾರಿಕೆಯೇ ತೊಟ್ಟಿಲು. ಅಲ್ಲಿಯ ನಕ್ಷತ್ರಗಳಿಗೆ ಸುಮಾರು 10ರಿಂದ 30 ಲಕ್ಷ ವರ್ಷ. ಕೃತ್ತಿಕೆಯ ಗುಂಪಿಗೆ 10 ಕೋಟಿ ವರ್ಷಕ್ಕೂ ಮೇಲೆ. ರೋಹಿಣಿಯ ಬಳಿ ಶಕಟಾಕಾರವಾಗಿ ತೋರುವ ಗುಂಪಿಗೆ 60 ಕೋಟಿಗೂ ಮೇಲೆ. ರೋಹಿಣಿ ಮಾತ್ರ ಆ ಕುಟುಂಬಕ್ಕೆ ಸೇರಿದವಳಲ್ಲ, ನಡುದಾರಿಯಲ್ಲಿ ನಿಂತವಳು. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ.

ಎಳೆಯ ನಕ್ಷತ್ರದ ಸ್ವಭಾವವು ಚಂಚಲ. ವೃಷಭರಾಶಿಯ ಇಂಥ ನಕ್ಷತ್ರಗಳ ಕಾಂತಿಯು ಗೊತ್ತುಗುರಿಯಿಲ್ಲದೆ ಏರಿಳಿಯುವುದನ್ನು ಕಂಡು, ಆಲ್ಫ್ರೆಡ್ ಜಾಯ್ ಎಂಬ ವಿದ್ವಾಂಸರು 1945ರಲ್ಲಿ ಅವನ್ನು ಪ್ರತ್ಯೇಕ ವರ್ಗವಾಗಿ ವರ್ಣಿಸಿದರು. ಆಗ ಅದರ ಬೆಳಕಿಗೆ ಮುಖ್ಯ ಕಾರಣವು ಪರಮಾಣುಶಕ್ತಿಯಲ್ಲ. ತನ್ನ ಭಾರದಿಂದಲೇ ಕುಗ್ಗಿ ಅದು ಕಾಯುತ್ತದೆ. ಸುತ್ತಲೂ ಅನಿಲ ಮತ್ತು ಧೂಳಿನ ತಟ್ಟೆಯುಂಟು. ಚಿಲಿ ದೇಶದ ಆಲ್ಮಾ ದೂರದರ್ಶಕವು 2014ರಲ್ಲಿ ಅಂಥ ತಟ್ಟೆಯೊಂದರ ಬಳೆಗಳನ್ನೂ ನಡುವಣ ಕಂಡಿಗಳನ್ನೂ ಸ್ಪಷ್ಟವಾಗಿ ತೋರಿಸಿತು. ತಟ್ಟೆಯು ಸಾಮಾನ್ಯವಾಗಿ ಒಂದು ಕೋಟಿ ವರ್ಷದೊಳಗೆ ಕರಗಿಹೋಗುತ್ತದೆ. ಗುರುವಿನಂಥ ಅನಿಲಗ್ರಹಗಳು ಅಷ್ಟರಲ್ಲೇ ರೂಪುಗೊಳ್ಳಬೇಕು. ಗರ್ಭದ ತಾಪವು ಒಂದು ಕೋಟಿ ಡಿಗ್ರಿಯನ್ನು ಮುಟ್ಟಿದ ಮೇಲೆ ಜಲಜನಕವು ಹೀಲಿಯಮ್ ಆಗತೊಡಗಿ, ಕ್ರಮೇಣ ಕುಗ್ಗುವಿಕೆಯು ನಿಲ್ಲುತ್ತದೆ.

ಅಲ್ಲಿಗೂ ಪ್ರಾಯದ ಆರ್ಭಟವು ತೀರದು. ಕೃತ್ತಿಕೆಯ ಕೆಲವು ನಕ್ಷತ್ರಗಳು ಒಂದೇ ದಿನದೊಳಗೆ ತಮ್ಮ ಸುತ್ತ ತಿರುಗುತ್ತವೆ. ರೋಹಿಣಿಯ ಬಳಿಯ ಗುಂಪಿನಲ್ಲಿ ಸೂರ್ಯನಂಥವಕ್ಕೆ ಸುಮಾರು 8 ದಿನ ಬೇಕು. ಸೂರ್ಯನಿಗೆ ನಡುಪಟ್ಟಿಯಲ್ಲಿ 25 ದಿನ. ನಕ್ಷತ್ರದಿಂದ ಹೊರಬೀಸುವ ಕಾಂತಯುಕ್ತ ಮಾರುತವು ವೇಗವನ್ನು ಕ್ರಮವಾಗಿ ಒಯ್ದುಬಿಡುತ್ತದೆ. ವಯಸ್ಸು ನಾಲ್ಮಡಿಯಾದರೆ ವೇಗವು ಅರ್ಧವಾಗುವುದೆಂಬ ನಿಯಮವನ್ನು ಸ್ಕುಮಾನಿಚ್ 1972ರಲ್ಲಿ ತೋರಿಸಿಕೊಟ್ಟರು.

ಇದು ನಮಗೆ ಸಂಬಂಧಿಸದ ಸಂಗತಿಯಲ್ಲ. ಎಳೆಯ ಸೂರ್ಯನ ಎಕ್ಸ್‌ಕಿರಣಗಳು ಇಂದಿನದಕ್ಕಿಂತ ನೂರಾರು ಪಾಲು ಪ್ರಬಲವಾಗಿದ್ದವು. ಮಂಗಳಗ್ರಹವು ತನ್ನ ವಾಯುಮಂಡಲದ ಬಹುಭಾಗವನ್ನು ಕಳೆದುಕೊಂಡುದರಲ್ಲಿ ಆ ಆರ್ಭಟದ ಪಾಲು ದೊಡ್ಡದು. ಭೂಮಿಯು ತನ್ನ ಗಾಳಿಯನ್ನು ಉಳಿಸಿಕೊಂಡಿತು, ಸೂರ್ಯನೂ ಶಾಂತನಾದನು. ವೇಗವನ್ನು ವ್ಯಯಿಸಿ ಅವನು ಗಳಿಸಿದ ಈ ಸ್ಥಿರತೆಯೇ ನಮ್ಮ ಹೊಲದ ಮೇಲಿನ ಹದವಾದ ಬಿಸಿಲು.